ಅಂಬಾಸಿಡರ್‌ಗೊಂದು ಬುಷ್ಷು

ಹಳೇ ಅಂಬಾಸಿಡರ್ ಇಟ್ಟುಕೊಂಡವನ ಮನೆಯಲ್ಲಿ ವಾರಕ್ಕೊಂದು ಪ್ರಸಂಗ ನಡೆಯದಿದ್ದರೆ ಗಾಡಿಗೆ ಹುಷಾರಿಲ್ಲ ಎಂದೇ ತಿಳಿಯಬೇಕು. ಇಲ್ಲಿ ಬರೆದಿರುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಇನ್ನೂ ನಿಜ, ಯಾರೂ ನಂಬುವುದಿಲ್ಲವೆಂದು ಸ್ವಲ್ಪ ತಗ್ಗಿಸಿದ್ದೇನೆ.

1. ಜೇಬಿನಲ್ಲಿ ಜೀವ

ಬಾನೆಟ್ಟಿನ ಕೆಳಗೆ ಡಿಸ್ಟ್ರಿಬ್ಯೂಟರ್ ಅಂತ ಒಂದು ಡಬ್ಬಿ ಇರುತ್ತದೆ. ನಾಲ್ಕು ಪ್ಲಗ್ಗಿಗೂ ಸರದಿ ಪ್ರಕಾರ ಕಿಡಿ ಹಂಚುವುದು ಅದರ ಕೆಲಸ. ಮುಚ್ಚಳ ತೆಗೆದು, ನೆತ್ತಿಯ ಮೇಲಿರುವ ರೋಟರ್ ಎಂಬ ಪುಟ್ಟ ತುಂಡನ್ನು ಜೇಬಿಗೆ ಹಾಕಿಕೊಂಡರೆ ಗಾಡಿ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ವಾರವಾರ ಗಾಡಿ ಕೇಳಿಕೊಂಡು ಬರುವ ಭಾಮೈದನಿಗೆ ನಾನು ಕಂಡುಕೊಂಡ ಮದ್ದು ಅದು.

ಒಂದು ಭಾನುವಾರ ಅವನು ಹಟಕ್ಕೆ ಬಿದ್ದು, ಐದು ಜನರನ್ನು ಕರೆತಂದು ಬೀದಿಯ ಕೊನೆಯವರೆಗೆ ತಳ್ಳಿಸಿದ. ಒಂದು ಕೈಯಲ್ಲಿ ಜೇಬು ಹಿಡಿದುಕೊಂಡು ನಾನೂ ತಳ್ಳಿದೆ.

"ಬಾವ, ನಿಮ್ ಗಾಡಿಗೆ ನನ್ ಕಂಡ್ರೆ ಆಗಾಕಿಲ್ಲ."

"ಹಂಗೇನಿಲ್ಲ ಕಣ್ಲಾ. ಸುಸ್ತಾಗಿರೋರನ್ನ ಕಂಡ್ರೆ ಅದಕ್ಕೂ ಸುಸ್ತಾಯ್ತದೆ."

2. ಜಡ್ತಿ

ನನ್ನ ಅಂಗಿ ಒಗೆಯುವಾಗ ರೋಟರ್ ಸಿಕ್ಕಿ, ಹೆಂಡತಿ ತಮ್ಮನಿಗೆ ಎಲ್ಲ ಹೇಳಿಬಿಟ್ಟಳು. ಅದೇ ವಾರ ಗಾಡಿ ನಿಜವಾಗಿಯೂ ಕೆಮ್ಮಿ, ಜಗ್ಗಿ, ನಡುಬೀದಿಯಲ್ಲಿ ನಿಂತಿತು. ತಳ್ಳಲು ಕರೆದರೆ ಭಾಮೈದ ಜಗಲಿಯಿಂದ ಏಳಲೇ ಇಲ್ಲ.

"ಮೊದ್ಲು ಜೇಬು ತೋರ್ಸಿ ಬಾವ."

ತೋರಿಸಿದೆ.

"ಬನೀನೊಳಗೆ ಮಡಗಿರ್ತೀರಿ."

ನಡುಬೀದಿಯಲ್ಲಿ ಬನೀನೂ ಬಿಚ್ಚಿದೆ. ಆಗ ಹೆಂಡತಿ ಹೊರಗೆ ಬಂದು ತೀರ್ಪು ಕೊಟ್ಟಳು: "ಶನಿವಾರ ಮುತ್ತತ್ತಿ ಹರಕೆಗೆ ಇದ್ರಲ್ಲೇ ಓಗಾದು. ದಾರೀಲಿ ಒಂದ್ ಸಲ ನಿಂತ್ರೂ ಸೋಮವಾರ ಗುಜರಿಗೆ. ಈಗ ಅಂಗಿ ಆಕ್ಕೊಳಿ."

ನಮ್ಮಪ್ಪ ನನಗೆ ಸ್ಟೇರಿಂಗು ಹಿಡಿಯಲು ಕಲಿಸಿದ ಗಾಡಿ ಅದು.

3. ಎರಡು ತೊಟ್ಟು

ಟ್ರ್ಯಾಕ್ಟರಿಗೆ ಕಟ್ಟಿ ಮದ್ದೂರಿಗೆ ಎಳೆಸಿದೆ. ಅಲ್ಲಿನ ಮುದಿ ಮೆಕ್ಯಾನಿಕ್ಕು ಡಿಸ್ಟ್ರಿಬ್ಯೂಟರಿನ ನಡುಗಂಬಿ ಹಿಡಿದು ಅಲ್ಲಾಡಿಸಿದ. ಹಾಲುಹಲ್ಲಿನ ಹಾಗೆ ಆಡಿತು.

"ಒಳಗಿನ ಬುಷ್ಷು, ಈ ಕಂಬಿ ಸುತ್ತಿನ ಕಂಚಿನ ಬಳೆ, ಸವೆದದೆ. ಎಣ್ಣೆ ಕಂಡಿಲ್ಲ. ರೋಟರ್ ಕಿತ್ತು ಕೆಳಗೆ ಎರಡ್ ತೊಟ್ಟು ಬುಡಬೇಕಿತ್ತು. ಪಾಪ, ರೋಟರ್ ಕೀಳೋ ಗೋಜಿಗೆ ಯಾರ್ ಓಯ್ತಾರೆ ಬುಡಿ."

ನಾನು ಆಕಾಶ ನೋಡಿದೆ. ಭಾಮೈದ ನಕ್ಕು ನಕ್ಕು ಟೈರಿನ ಮೇಲೆ ಕೂತ.

4. ಹಳೇ ಕಂಚು

ಹೊಸ ಬುಷ್ಷು ಎಲ್ಲೂ ಸಿಗಲಿಲ್ಲ. ಸೋಮನಹಳ್ಳಿಯಲ್ಲಿ ಲೇತ್ ಇಟ್ಟಿರುವ ನನ್ನ ಸ್ಕೂಲಿನ ಗೆಳೆಯ, "ಕಡೆದು ಕೊಡ್ತೀನಿ ಕಣ್ಲಾ, ಹಳೇ ಕಂಚು ತಕಬಾ. ಈಗಿನ ಮಾಲು ನಿಲ್ಲಾಕಿಲ್ಲ" ಅಂದ.

ಶುಕ್ರವಾರ ಮಧ್ಯಾಹ್ನ ಮನೆಯೆಲ್ಲ ಹುಡುಕಿ, ಹೆಬ್ಬೆರಳು ಗಾತ್ರದ ಒಂದು ತುಂಡು ತಂದುಕೊಟ್ಟೆ. ಕಡೆಯುತ್ತಾ ಕಡೆಯುತ್ತಾ ಅವನ ಕಣ್ಣರಳಿತು.

"ಎಲ್ಲಿ ಸಿಕ್ತಲಾ ಇಂಥ ಮಾಲು?"

"ದೇವ್ರು ಕೊಟ್ಟ ಕಣ್ಲಾ."

ಎಷ್ಟೋ ವರ್ಷಕ್ಕೆ ನಾನಾಡಿದ ಮೊದಲ ಸತ್ಯ ಅದು.

5. ಮಂಗಳಾರತಿ

ಶನಿವಾರ ಗಾಡಿ ಎಲ್ಲೂ ನಿಲ್ಲದೆ ಮುತ್ತತ್ತಿ ಮುಟ್ಟಿತು. ಆಂಜನೇಯನಿಗೆ ಕೈ ಮುಗಿದು ಬಂದ ಹೆಂಡತಿಗೆ ಖುಷಿಯೋ ಖುಷಿ. "ಗಾಡಿಗೂ ಒಂದ್ ಮಂಗ್ಳಾರ್ತಿ ಮಾಡುವ" ಎಂದು ಕರ್ಪೂರ ಹಚ್ಚಿ, ಮನೆಯ ದೇವರ ಗಂಟೆಯನ್ನು ಚೀಲದಿಂದ ತೆಗೆದು ಅಲ್ಲಾಡಿಸಿದಳು.

ಸದ್ದಿಲ್ಲ.

ಮತ್ತೆ ಅಲ್ಲಾಡಿಸಿದಳು. ಬೋರಲು ಹಾಕಿ ಒಳಗೆ ಇಣುಕಿದಳು. ಆಮೇಲೆ ನನ್ನನ್ನು ನೋಡಿದಳು.

"ಗಂಟೆ ನಾಲಿಗೆ ಎಲ್ಲಿ?"

ನಾನು ಬಾನೆಟ್ಟಿನ ಕಡೆ ಬೆರಳು ತೋರಿಸಿದೆ. ಭಾಮೈದ ಕಾವೇರಿ ಕಡೆ ತಿರುಗಿಕೊಂಡ, ಅವನ ಭುಜ ಮಾತ್ರ ಕುಣಿಯುತ್ತಿತ್ತು.

ಕರ್ಪೂರ ಉರಿದು ಮುಗಿಯುವವರೆಗೆ ಅವಳು ತಟ್ಟೆಯನ್ನು ಗಾಡಿಯ ಮುಂದೆ ಹಿಡಿದೇ ಇದ್ದಳು. ಕೊನೆಗೆ, "ದೇವ್ರ ಸಾಮಾನು ಒಳಗದೆ, ಇನ್ ಗುಜರಿಗೆ ಆಕಂಗಿಲ್ಲ" ಅಂದಳು. ನನ್ನ ಉಸಿರು ವಾಪಸ್ಸು ಬಂತು. "ಆದ್ರೆ ಗಂಟೆ ಕೆಲಸಾನೂ ಗಾಡೀನೇ ಮಾಡ್ಲಿ."

ಅಂದಿನಿಂದ ಮಳವಳ್ಳಿಯ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಳಗೆ ಅವಳ ಮಂಗಳಾರತಿ, ಹೊರಗೆ ಗಾಡಿಯಲ್ಲಿ ಕೂತು ನನ್ನ ಹಾರನ್ನು. ಎದುರು ಮನೆಯ ಅಜ್ಜಿಗೆ ಎಷ್ಟು ರೂಢಿಯಾಗಿದೆಯೆಂದರೆ, ಈಗ ಕಿರುಗಾವಲು ಬಸ್ಸು ಹಾರನ್ ಹೊಡೆದರೂ ಎದ್ದು ನಿಂತು ಕೈ ಮುಗಿಯುತ್ತಾರೆ.