ಡ್ರ್ಯಾಗನ್ ಹೊಡೆದರೂ ದೋಷವೇ

ತನ್ನ ಮಾತೇ ಕೊನೆಯ ಮಾತಾಗುವಂಥ ಒಂದು ಜಾಗ ಪ್ರತಿಯೊಬ್ಬ ಮನುಷ್ಯನಿಗೂ ಬೇಕು. ನಮ್ಮ ಹೆಡ್ಮಾಸ್ಟರರಿಗೆ ಶಾಲೆ ಇತ್ತು, ನನ್ನ ಹೆಂಡತಿಗೆ ಮನೆ ಇತ್ತು, ಬಂಟ್ವಾಳ-ಮೂಡಬಿದಿರೆ ಬಸ್ಸಿನ ಕಂಡಕ್ಟರನಿಗೆ ಬಸ್ಸಿತ್ತು. ಸಿದ್ಧಕಟ್ಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ ಮಾತ್ರ ಏನೂ ಇರಲಿಲ್ಲ. ಹಾವು ಹಾಲು ಕುಡಿಯುವುದಿಲ್ಲವೆಂದು ಎಂಟನೆಯ ತರಗತಿಗೆ ವರ್ಷವರ್ಷವೂ ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬರೆದು, ನಾಗರ ಪಂಚಮಿಯ ದಿನ ಹಾಲಿನ ತಂಬಿಗೆ ಹಿಡಿದು ನನ್ನೆದುರೇ ನಾಗನ ಕಟ್ಟೆಗೆ ಹೋಗುತ್ತಿದ್ದರು. ಹೋಗಲಿ, ಅವರು ಮಕ್ಕಳು. ನನ್ನ ಮನೆಯ ತಂಬಿಗೆಯೂ ಅವರ ಹಿಂದೆಯೇ ಹೋಗುತ್ತಿತ್ತಲ್ಲ!

ಎಂಬತ್ತರ ದಶಕದ ಆರಂಭದಲ್ಲಿ ಬಹರೈನಿನಿಂದ ರಜೆಗೆ ಬಂದ ನನ್ನ ಭಾವ ಎಲ್ಲರಿಗೂ ಸೆಂಟು, ಸೀರೆ ಹಂಚಿ, ನನಗೆ ಒಂದು ಪೆಟ್ಟಿಗೆ ಕೊಟ್ಟರು. ಅಲ್ಲಿಂದ ತಮ್ಮ ದೇಶಕ್ಕೆ ಮರಳಿದ ಯಾರೋ ಇಂಗ್ಲಿಷಿನವರು ಬಿಟ್ಟುಹೋದ ಆಟವಂತೆ. ಆಡುವವರು ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಬೇಕು: ಕತ್ತಿ ಹಿಡಿದ ವೀರ, ಮಂತ್ರವಾದಿ, ಕಳ್ಳ, ಹೀಗೆ. ಒಬ್ಬ ಕಥೆ ನಡೆಸುತ್ತಾನೆ, ಪಾತ್ರಗಳು ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತವೆ, ಸೋಲು ಗೆಲುವನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ತಾಳಮದ್ದಲೆಗೆ ಚೆಂಡೆಯ ಬದಲು ದಾಳ ಸೇರಿಸಿದರೆ ಆದೀತು. ನನ್ನನ್ನು ಮರುಳು ಮಾಡಿದ್ದು ಆಟವಲ್ಲ, ಅದರ ಪುಸ್ತಕದಲ್ಲಿದ್ದ ಒಂದೇ ಒಂದು ನಿಯಮ. ತಕರಾರು ಬಂದರೆ ಕಥೆ ನಡೆಸುವವನ ಮಾತೇ ಕೊನೆಯದಂತೆ. ಆಹಾ! ಅದನ್ನು ಓದಿದ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ವಿಜ್ಞಾನದ ಲ್ಯಾಬಿನಲ್ಲಿ ಆಟ ಸುರುವಾಯಿತು. ಆಸಿಡ್ ಚೆಲ್ಲಿದ ನೆಲವಾದ್ದರಿಂದ ಅಲ್ಲಿ ಯಾರೂ ಚಪ್ಪಲಿ ಬಿಚ್ಚಬಾರದೆಂದು ಬೋರ್ಡು ಬರೆಸಿದ್ದವನು ನಾನೇ. ಆ ಶಾಲೆಯಲ್ಲಿ ನಡೆಯುತ್ತಿದ್ದ ನನ್ನ ಕಾನೂನು ಅದೊಂದೇ. ಡ್ರಿಲ್ ಮಾಸ್ಟ್ರು ಸಂಜೀವ ಶೆಟ್ರು ವೀರನಾದರು. ಕನ್ನಡ ಪಂಡಿತರು, ಮಾಟ ಮಾತ್ರ ಮಾಡುವುದಿಲ್ಲವೆಂಬ ಷರತ್ತಿನ ಮೇಲೆ ಮಂತ್ರವಾದಿಯಾದರು. ಆಫೀಸಿನ ಲೋಬೋ ತಾವಾಗಿಯೇ ಕಳ್ಳನ ಪಾತ್ರ ಕೇಳಿ ಪಡೆದರು. ಇಪ್ಪತ್ತು ಮುಖದ ದಾಳವನ್ನು ಪಂಡಿತರು ಹಿಂದೆ ಮುಂದೆ ತಿರುಗಿಸಿ, "ಇದು ದಾಳವಾ, ಹಲಸಿನ ಬೇಳೆಯಾ ಮಾರಾಯ್ರೆ?" ಎಂದರು.

ನಾನು ಗಂಟಲು ಸರಿಮಾಡಿಕೊಂಡು ಗುಹೆಯನ್ನು ಬಣ್ಣಿಸಿದೆ. ಒಳಗಿಂದ ಹೆಡೆಯೆತ್ತಿ ಬೆಂಕಿ ಉಗುಳುತ್ತ ಡ್ರ್ಯಾಗನ್ ಬಂತು. "ಶೆಟ್ರೇ, ಹೊಡೆಯಿರಿ!" ಎಂದೆ.

ಶೆಟ್ರು ಪುಸ್ತಕದ ಚಿತ್ರ ನೋಡಿ ದಾಳವನ್ನು ಮೆಲ್ಲನೆ ಕೆಳಗಿಟ್ಟರು. "ಇದು ಹಾವಲ್ವಾ ಮಾಸ್ಟ್ರೇ?"

"ಹಾವಲ್ಲ, ಡ್ರ್ಯಾಗನ್. ರೆಕ್ಕೆ ಉಂಟು ನೋಡಿ."

"ರೆಕ್ಕೆ ಉಂಟು ಅಂತ ದೋಷ ತಪ್ತದಾ? ಬೆಳ್ತಂಗಡಿಯಿಂದ ತಂಗಿಗೆ ಒಂದು ಸಂಬಂಧ ಬಂದದ್ದು ಉಂಟು. ಈ ಹೊತ್ತಲ್ಲಿ ನನ್ನ ಕೈಯಿಂದ ಇದೆಲ್ಲ ಆಗ್ಲಿಕ್ಕಿಲ್ಲ."

ಪಂಡಿತರು ನಾಗದೋಷ ಕಳೆಯಲು ಗುಹೆಯ ಬಾಯಲ್ಲೇ ಒಂದು ಆಶ್ಲೇಷಾ ಬಲಿ ಮಾಡಿಸುವ ಎಂದರು. ನಾನು ಆಸೆಯಿಂದ ಲೋಬೋರ ಮುಖ ನೋಡಿದೆ. "ನಮ್ಮ ಇಗರ್ಜಿಯಲ್ಲಿ ಕುದುರೆ ಮೇಲೆ ಕೂತು ಇದನ್ನೇ ಚುಚ್ಚುವ ಸಂತರ ಪಟ ಉಂಟು," ಎಂದು ಅವರು ದಾಳ ಎತ್ತಿಕೊಂಡರು. ಮರುಕ್ಷಣ ಅದನ್ನು ಕೆಳಗಿಟ್ಟು, "ಆದ್ರೆ ನಮ್ಮ ತೋಟದ ಮೂಲೆಯಲ್ಲಿ ನಾಗನ ಕಲ್ಲೂ ಉಂಟು ಮಾಸ್ಟ್ರೇ. ಅಪ್ಪನ ಕಾಲದಿಂದ ಅಲ್ಲಿಗೆ ನಾವು ಕತ್ತಿ ತಾಗಿಸುವುದಿಲ್ಲ," ಎಂದರು. ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಡ್ರ್ಯಾಗನ್ ಗುಹೆಯೊಳಗೆ ಹೋಯಿತು. ಕೊನೆಯ ಮಾತು ಯಾರದ್ದೆಂದು ನನ್ನನ್ನು ಕೇಳಬೇಡಿ.

ತಪ್ಪು ಕಥೆಯ ಕಾಲದ್ದು ಎಂದುಕೊಂಡೆ. ಒಂದು ವಾರ ಕೂತು ಇಡೀ ಆಟವನ್ನು ಈ ಕಾಲಕ್ಕೆ ಇಳಿಸಿದೆ. ಕತ್ತಿ ಹೋಗಿ ಕೋವಿ ಬಂತು, ಕುದುರೆ ಜೀಪಾಯಿತು. ಇದ್ದದ್ದನ್ನು ಇಲ್ಲವೆನ್ನಿಸುವ ವಿದ್ಯೆ ಬಲ್ಲವನಾದ್ದರಿಂದ ಮಂತ್ರವಾದಿ ವಕೀಲನಾದ. ಮೆಲ್ಕಾರಿನ ಗೋದಾಮೊಂದರಲ್ಲಿ ಕಳ್ಳಸಾಗಣೆಯ ಚಿನ್ನವಿಟ್ಟು, "ಹಿಡಿಯಿರಿ!" ಎಂದೆ. ಅಲ್ಲಿ ಗೋದಾಮು ಇರುವುದು ತಮ್ಮ ಮಾವನದ್ದೊಂದೇ, ಅದರಲ್ಲಿರುವುದು ಗೊಬ್ಬರ, ಮಾವನನ್ನು ಕಳ್ಳ ಮಾಡಿದ್ದು ಯಾಕೆ ಎಂದು ಶೆಟ್ರು ಮುಖ ಊದಿಸಿದರು. ಅವರನ್ನು ಸಮಾಧಾನ ಮಾಡಿ ಜೀಪು ಹತ್ತಿಸಿದರೆ ಪಾಣೆಮಂಗಳೂರಿನ ಸಪೂರ ಸೇತುವೆಯಲ್ಲಿ ಎದುರಿಂದ ಬಸ್ಸು ಬಂತು. ಹಿಂದೆ ಹೋಗಬೇಕಾದದ್ದು ಜೀಪೋ ಬಸ್ಸೋ ಎಂದು ಚರ್ಚೆಯಾಗಿ ಕತ್ತಲಾಯಿತು. ನಾನೇ ಕಟ್ಟಿದ ಪ್ರಪಂಚದಲ್ಲಿ ನನಗಿಂತ ಹೆಚ್ಚು ದಾರಿ ಅವರಿಗೇ ಗೊತ್ತಿತ್ತು.

ಛೆ, ಇವರ ಮಾವಂದಿರು ಯಾರೂ ಇಲ್ಲದ ಜಾಗವೇ ಬೇಕು ಎಂದು ಹಟ ಹಿಡಿದು ಆಟವನ್ನು ಅಂತರಿಕ್ಷಕ್ಕೆ ಒಯ್ದೆ. ಜೀಪು ರಾಕೆಟ್ಟಾಯಿತು, ಕೋವಿಯಲ್ಲಿ ಗುಂಡಿನ ಬದಲು ಕಿರಣ ತುಂಬಿತು, ವಕೀಲ ಗಣಕಯಂತ್ರವಾದ. ಪಂಡಿತರು ಗಣಕಯಂತ್ರವಾಗಿಯೂ ಎಲೆಯಡಿಕೆ ಬಿಡಲಿಲ್ಲ. ಯಾವ ಪ್ರಶ್ನೆ ಹಾಕಿದರೂ ಉಗುಳಿ ಬಂದೇ ಉತ್ತರ ಕೊಡುತ್ತಿದ್ದರು. ಆದರೂ ಶೆಟ್ರು ಸೀಟಿ ಊದಿದ್ದೇ ರಾಕೆಟ್ಟು ಹಾರಿತು, ಯಾರೂ ಒಂದೂ ತಕರಾರು ಎತ್ತಲಿಲ್ಲ. ಸೂರ್ಯನಿಂದಾಚೆಯ ಗ್ರಹದ ವಿಷಯದಲ್ಲಿ ಸಿದ್ಧಕಟ್ಟೆಯವರಿಗೆ ಎಂಥ ತಕರಾರು? ನನಗೆ ಎಂದೂ ಇಲ್ಲದ ಉಮೇದು ಬಂತು. ಕಂಡದ್ದನ್ನಲ್ಲದೆ ಬೇರೇನನ್ನು ಬಣ್ಣಿಸಲಿ? ಶಾಲೆಯ ಹಿಂದಿನ ಗುಡ್ಡವನ್ನೇ ಬಣ್ಣಿಸಿದೆ. ಕೆಂಪು ಮಣ್ಣು, ಸುಡುವ ಬಿಸಿಲು, ಆಳೆತ್ತರದ ಮಣ್ಣಿನ ಗೋಪುರಗಳು, ಗೋಪುರದಲ್ಲಿ ತೂತುಗಳು, ತೂತಿನೊಳಗೆ ಕೈಕಾಲಿಲ್ಲದ, ಉದ್ದನೆಯ, ಮಿರಮಿರ ಮಿಂಚುವ ಜೀವಿಗಳು.

ಉಗುಳಲು ಎದ್ದ ಪಂಡಿತರು ಮತ್ತೆ ಕೂತರು.

"ಮಾಸ್ಟ್ರೇ," ಶೆಟ್ರು ದನಿ ತಗ್ಗಿಸಿದರು, "ಹುತ್ತವಾ?"

"ಹುತ್ತವಲ್ಲ!" ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅವು ಅನ್ಯಗ್ರಹದ ಜೀವಿಗಳು. ಅಲ್ಲಿ ನಾಗನೂ ಇಲ್ಲ, ದೋಷವೂ ಇಲ್ಲ. ನಾನು ವಿಜ್ಞಾನದ ಮಾಸ್ಟ್ರು, ಹೇಳ್ತಾ ಇದ್ದೇನೆ. ಇದೇ ಕೊನೆಯ ಮಾತು!" ಎಂದು ಮೇಜು ಗುದ್ದಿದೆ. ದಾಳ ಹಾರಿ ಕೆಳಗೆ ಬಿತ್ತು.

ಹುಡುಕಲು ಮೇಜಿನಡಿಗೆ ಬಗ್ಗಿದೆ. ಅಲ್ಲಿ ಮೂವರ ಕಾಲುಗಳೂ ಬರಿಗಾಲು. ನನ್ನ ಬೋರ್ಡಿನ ಕೆಳಗೇ ಕೂತು ಚಪ್ಪಲಿ ಬಿಚ್ಚಿಟ್ಟಿದ್ದಾರೆ! ಎದ್ದು ಚೆನ್ನಾಗಿ ಬೈಯಬೇಕೆಂದು ನೆಲಕ್ಕೆ ಕಾಲೂರಿದೆ. ಆಗ ಗೊತ್ತಾಯಿತು, ನನ್ನವೂ ಕಾಲಲ್ಲಿ ಇರಲಿಲ್ಲ. ಯಾವ ಗಳಿಗೆಯಲ್ಲಿ ಬಿಚ್ಚಿದೆನೋ ದೇವರೇ ಬಲ್ಲ, ಅವು ಗೋಡೆಯ ಬದಿಗೆ ಮರ್ಯಾದೆಯಿಂದ ಜೋಡಿಯಾಗಿ ಕೂತಿದ್ದವು.

ಮೇಲೆದ್ದೆ. ಮೂವರೂ ನನ್ನ ಬಾಯಿ ನೋಡುತ್ತಿದ್ದರು. ಕೊನೆಯ ಮಾತು ಅಂದು ನಿಜವಾಗಿಯೂ ನನ್ನದೇ ಆಯಿತು, ಯಾರೂ ಎದುರಾಡಲಿಲ್ಲ.

"ಶೆಟ್ರೇ," ಎಂದೆ, "ರಾಕೆಟ್ಟು ಸ್ವಲ್ಪ ಆಚೆ ಇಳಿಸುವ."