ಹಲ್ಲಿನ ಡಾಕ್ಟರು ಹಲಗೆ ಏರಿದ್ದು

ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಮನೆಯ ಹಾಲಿನ ನಟ್ಟನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಘೋಷಣೆ ಹೊರಡಿಸಿದರು.

"ಇವತ್ತು ಈ ಹಲಗೆಯ ಮರ್ಮ ಏನೂಂತ ಕಂಡುಹಿಡಿದೇ ಬಿಡ್ತೀನಿ."

ಮೊದಲು ಅದರ ಸ್ಕ್ರೂ ಬಿಗಿ ಮಾಡಿ, ಮರ್ಮ ಆಮೇಲೆ ನೋಡಿದರಾಯಿತು ಎಂದು ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಲೆಕ್ಕದ ಮೊದಲ ಹೆಜ್ಜೆ ಹಾರಿಸಿ ಉತ್ತರಕ್ಕೆ ಕೈಹಾಕುವವರನ್ನು ಕಂಡರೆ ಅವರಿಗಾಗದು. ಅಂಥವರೊಬ್ಬರನ್ನೇ ಕಟ್ಟಿಕೊಂಡದ್ದು ಹಣೆಬರಹ.

ಹಲಗೆ ಮಗಳದು. ಮಗಳೂ ಹಲ್ಲಿನ ಡಾಕ್ಟರಿಕೆಯನ್ನೇ ಓದಿ, ಪಾಸಾಗಿ, ಪದವಿಪತ್ರವನ್ನು ಅಪ್ಪನ ಕೈಗಿತ್ತು, ತಾನು ಸೀದಾ ಸರೋವರಕ್ಕೆ ಹೊರಟುಹೋದವಳು. ವೇಕ್‌ಬೋರ್ಡಿಂಗ್ ಎಂಬ ಆಟವೇ ಅವಳ ಉದ್ಯೋಗ. ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು, ಓಡುವ ಮೋಟಾರು ದೋಣಿಯ ಹಗ್ಗ ಹಿಡಿದು, ದೋಣಿ ಎಬ್ಬಿಸಿದ ಅಲೆಯ ಬೆನ್ನೇರಿ, ಗಾಳಿಯಲ್ಲಿ ಲಾಗ ಹಾಕಿ ಮತ್ತೆ ನೀರಿಗಿಳಿಯುವುದು. ಬಿದ್ದರೆ ಮತ್ತೆ ಹಗ್ಗ ಹಿಡಿಯುವುದು. ಇದಕ್ಕೆ ಕಂಪನಿಗಳು ಹಲಗೆಯ ತುಂಬ ಸ್ಟಿಕ್ಕರ್ ಅಂಟಿಸಿ ಸಂಬಳ ಬೇರೆ ಕೊಡುತ್ತವೆ ಎಂಬುದನ್ನು ಡಾಕ್ಟರು ಇವತ್ತಿಗೂ ಪೂರ್ತಿ ನಂಬಿಲ್ಲ.

"ಎಳೆಯೋದು ಒಂದು ಉದ್ಯೋಗ, ಒಪ್ತೀನಿ. ನಾನೂ ಹಲ್ಲು ಹಿಡಿದು ಅದನ್ನೇ ಮಾಡ್ತಾ ಬಂದಿದೀನಿ. ಎಳೆಸಿಕೊಳ್ಳೋದು ಯಾವ ಸೀಮೆ ಉದ್ಯೋಗ?" ಎಂದು ಅವರು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಪ್ರತಿಯೊಬ್ಬ ರೋಗಿಯನ್ನೂ ಕೇಳಿದ್ದರು. ಬಾಯಲ್ಲಿ ಹತ್ತಿ ತುಂಬಿಸಿಕೊಂಡ ಯಾರೂ ಇದುವರೆಗೆ ಎದುರಾಡಿಲ್ಲ.

ಅದರಲ್ಲೇನಿದೆ ಎಂದು ಮಗಳನ್ನೇ ಕೇಳಿದ್ದೂ ಉಂಟು. ಅವಳು, "ಹೇಳೋಕೆ ಬರಲ್ಲಪ್ಪ. ಎದ್ದು ನಿಂತ ಕ್ಷಣ ತಲೇಲಿ ಏನೂ ಇರಲ್ಲ" ಎಂದಿದ್ದಳು. ತಲೆಯಲ್ಲಿ ಏನೂ ಇಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು ಎಂದು ಡಾಕ್ಟರು ಅಂದದ್ದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಅಲ್ಲಿ ಮಗಳಿಗೆಂದೇ ತರಿಸಿದ ಎರಡನೇ ಕುರ್ಚಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಕೂತಿತ್ತು. ಡಾಕ್ಟರು ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದರು. ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಗಿತ್ತು. ಈ ವರ್ಷದ ದೊಡ್ಡ ಸ್ಪರ್ಧೆಯ ಫೈನಲ್ಲಿನಲ್ಲಿ ಮೊದಲ ಮೂವರಲ್ಲಿ ಬರದಿದ್ದರೆ ಅವಳು ಹಲಗೆಯನ್ನು ಅಟ್ಟಕ್ಕೆ ಹಾಕಿ ಆ ಕುರ್ಚಿಯ ಪಕ್ಕ ಬಂದು ನಿಲ್ಲಬೇಕು. ಬಂದರೆ? "ಬಂದ್ರೆ ನಾನೇ ಆ ಹಗ್ಗ ಹಿಡಿದು ನೀರಿಗಿಳೀತೀನಿ, ಹೋಗು" ಎಂದು ಡಾಕ್ಟರು ಮೀಸೆಯ ಮೇಲೆ ಕೈಯಾಡಿಸಿದ್ದರು.

ಆ ಫೈನಲ್ಲು ಇವತ್ತು ಮಧ್ಯಾಹ್ನ. ಹಿಂದಿನ ಸಂಜೆ ಹಲಗೆಗೆ ಬೂಟು ಕೂರಿಸುವ ಒಂದು ಸ್ಕ್ರೂ ಸಡಿಲವಾಗಿತ್ತು. ಅಷ್ಟು ಸಣ್ಣ ಕೆಲಸಕ್ಕೆ ಅಪ್ಪನಂಥ ಕೈ ಇನ್ನೊಂದಿಲ್ಲವೆಂದು ಮಗಳು ಅದನ್ನು ಅವರಿಗೊಪ್ಪಿಸಿ, ಬೇರೆ ಹಲಗೆಯಲ್ಲಿ ಅಭ್ಯಾಸ ಮಾಡಲು ಬೆಳಿಗ್ಗೆಯೇ ಹೊರಟಿದ್ದಳು. ದೋಣಿ ಓಡಿಸುವವನು ವ್ಯಾನು ತಂದು ಹಲಗೆ ಒಯ್ಯುವುದೆಂದು ಮಾತಾಗಿತ್ತು.

ಸ್ಕ್ರೂ ಬಿಗಿಯಲು ಎಷ್ಟು ಹೊತ್ತು ಬೇಕು? ಅಲ್ಲಿಗೇ ಬಿಟ್ಟಿದ್ದರೆ ಮನೆಯವರೆಲ್ಲ ನೆಮ್ಮದಿಯಾಗಿರುತ್ತಿದ್ದರು. ಆದರೆ ಹಲ್ಲಿಗೆ ಸಿಮೆಂಟು ತುಂಬಿದ ಮೇಲೆ "ಒಂದ್ಸಲ ಕಚ್ಚಿ ನೋಡಿ" ಎನ್ನದೆ ಯಾರನ್ನೂ ಕುರ್ಚಿಯಿಂದ ಇಳಿಸಿದವರಲ್ಲ ನಮ್ಮ ಡಾಕ್ಟರು. ಬೂಟು ಭದ್ರವಾಯಿತೇ ಎಂದು ತಿಳಿಯಬೇಕಾದರೆ ಕಾಲಿಟ್ಟು ನೋಡಬೇಡವೇ? ಅದೊಂದು ವೃತ್ತಿಧರ್ಮ!

ಬೂಟುಗಳೋ ಮಗಳ ಪಾದದ ಅಳತೆಯವು, ದಪ್ಪ ರಬ್ಬರಿನವು. ಅವಳು ಸಾಬೂನು ನೀರು ಸುರಿದುಕೊಂಡು ಕಾಲು ತೂರಿಸುತ್ತಿದ್ದಳು. ಅದು ಡಾಕ್ಟರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಬಿಗಿಯಾದ ಗ್ಲೌಸಿಗೆ ಕೈ ತೂರಿಸುವ ವಿದ್ಯೆ. ಕ್ಲಿನಿಕ್ಕಿನಿಂದ ಗ್ಲೌಸಿನ ಪೌಡರ್ ಡಬ್ಬಿ ತಂದು ಎರಡೂ ಬೂಟಿನೊಳಗೆ ಧಾರಾಳವಾಗಿ ಉದುರಿಸಿದರು. ಕಾಲುಗಳು ಸರ್ರನೆ ಒಳಗೆ ಹೋದವು. ಲೇಸು ಎಳೆದು, ಒಸಡಿಗೆ ಹೊಲಿಗೆ ಹಾಕುವಾಗಿನ ಗಂಟು ಹಾಕಿ, ಗೋಡೆ ಹಿಡಿದು ಎದ್ದುನಿಂತು, ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಎರಡು ಸಲ ತೂಗಾಡಿ, "ಇಷ್ಟೇನಾ?" ಎಂದರು.

ಆಮೇಲೆ ಬಿಚ್ಚಲು ಕೂತರು. ಲೇಸು ಬಿಚ್ಚಿತು. ಕಾಲು ಬರಲಿಲ್ಲ. ತಿರುಚಿದರು, ಬರಲಿಲ್ಲ. ಬೆವರು ಬೆರೆತ ಪೌಡರು ಒಳಗೇ ಕಲೆಸಿದ ಸಿಮೆಂಟಾಗಿ ಕೂತಿತ್ತು. ಡಾಕ್ಟರು ಎಷ್ಟು ಬೆವರಿದರೋ ಅಷ್ಟೂ ಅದು ಗಟ್ಟಿಯಾಯಿತು.

ಹೆಂಡತಿ ಬಂದು ನೋಡಿದರು. ಬೈಯಲಿಲ್ಲ, ಅದೇ ಡಾಕ್ಟರಿಗೆ ಹೆಚ್ಚು ಭಯ ತಂದಿತು. ಸುಮ್ಮನೆ ಹೋಗಿ ಒಂದು ಬಕೆಟ್ ಸಾಬೂನು ನೀರು ತಂದು ಕಾಲ ಮೇಲೆ ಸುರಿದರು. ನೀರು ಬೂಟಿನೊಳಗೆ ಇಳಿಯದೆ ಹಾಲಿನ ತುಂಬ ಹರಿಯಿತು. ಬಚ್ಚಲಿಗೆ ಕುಪ್ಪಳಿಸಿಕೊಂಡೇ ಹೋಗಿಬಿಡುತ್ತೇನೆಂದು ಡಾಕ್ಟರು ಒಂದೇ ಒಂದು ಕುಪ್ಪಳ ಹಾಕಿ, ಮನೆ ಅದುರುವಂತೆ ಅಂಗಾತ ಬಿದ್ದರು.

ಸದ್ದು ಕೇಳಿ ಮಹಡಿಯ ಸಂಗೀತದ ಮೇಷ್ಟ್ರು ಓಡಿಬಂದರು. ಕಳೆದ ವಾರವಷ್ಟೇ ಡಾಕ್ಟರು ಅವರ ದವಡೆಹಲ್ಲು ಕಿತ್ತಿದ್ದರು. "ಸ್ವಲ್ಪ ಒತ್ತಿದ ಹಾಗಾಗತ್ತೆ, ಅಷ್ಟೆ" ಎಂದು ಹೇಳಿ ಕಿತ್ತಿದ್ದರು. ಈಗ ಮೇಷ್ಟ್ರು ತೋಳು ಮಡಚಿ, ಡಾಕ್ಟರ ಹಿಮ್ಮಡಿ ಹಿಡಿದು, ಮುಖದಲ್ಲಿ ಪರಮ ಶಾಂತಿ ತಂದುಕೊಂಡು ಹೇಳಿದರು.

"ಸ್ವಲ್ಪ ಒತ್ತಿದ ಹಾಗಾಗತ್ತೆ ಡಾಕ್ಟ್ರೇ, ಅಷ್ಟೆ."

ಡಾಕ್ಟರ ಕೂಗು ಬೀದಿಗೆ ಕೇಳಿಸಿತು. ಕಾಲು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಹಾಗಾದರೆ ರಬ್ಬರನ್ನೇ ಕತ್ತರಿಸಿಬಿಡೋಣ ಎಂದು ಮೇಷ್ಟ್ರು ಕತ್ತರಿ ಕೇಳಿದರು.

"ಬೂಟು ಮುಟ್ಟಬೇಡಿ" ಎಂದರು ಡಾಕ್ಟರು, ನೋವನ್ನೂ ಮರೆತು. "ಬೇಕಾದ್ರೆ ಕಾಲು ಕತ್ತರಿಸಿ. ಅವಳಿಗೆ ಇವತ್ತು ಇದೇ ಹಲಗೆ ಬೇಕು."

ಅಷ್ಟರಲ್ಲಿ ಫೋನು ಬಂತು. ವ್ಯಾನು ಹೊರಟಿದೆ, ಹಲಗೆ ಸಿದ್ಧವೇ ಎಂದು ಮಗಳು ಕೇಳಿದಳು. ಹೆಂಡತಿ ಸ್ಪೀಕರ್ ಒತ್ತಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದರು.

"ಅಪ್ಪ, ಬೇಕಂತಲೇ ಮಾಡಿದ್ಯಾ?"

ಡಾಕ್ಟರಿಗೆ ಆಗ ಹೊಳೆಯಿತು. ಹೌದಲ್ಲ! ಹಲಗೆ ತಲುಪದಿದ್ದರೆ ಅವಳು ಸೋಲುತ್ತಾಳೆ, ಸೋತರೆ ಕುರ್ಚಿಗೆ ಬರುತ್ತಾಳೆ. ಮೂರನೆಯವರು ಯಾರು ಕೇಳಿದರೂ ಅಪ್ಪನೇ ಆಟ ಹೂಡಿದ ಎನ್ನುತ್ತಾರೆ. ತಾವು ಹಲಗೆಗೆ ಬೈದದ್ದು ನಿಜ, ಸ್ಟಿಕ್ಕರಿಗೆ ನಕ್ಕದ್ದು ನಿಜ. ಆದರೆ ಮಗಳು ಹೀಗೆ ಸೋತು ಬರಲಿ ಎಂದು ಕನಸಿನಲ್ಲೂ ಬಯಸಿರಲಿಲ್ಲ. "ಇಲ್ಲ ಪುಟ್ಟಿ" ಎನ್ನುವುದಷ್ಟೇ ಅವರಿಂದಾಯಿತು. ಆ ದನಿ ಕೇಳಿ ಮಗಳು ಮತ್ತೆ ಆ ಪ್ರಶ್ನೆ ಎತ್ತಲಿಲ್ಲ. ಬಿಸಿನೀರಿನ ನಲ್ಲಿಯ ಕೆಳಗೆ ಕಾಲಿಟ್ಟು, ಬೂಟಿನ ಬಾಯಿಯೊಳಕ್ಕೇ ಸಾಬೂನು ನೀರು ಬಿಟ್ಟರೆ ರಬ್ಬರು ಮೆತ್ತಗಾಗುತ್ತದೆ, ಅಪ್ಪನನ್ನು ಹೇಗಾದರೂ ಬಚ್ಚಲಿಗೆ ಮುಟ್ಟಿಸಿ ಎಂದಳು.

ಬಚ್ಚಲು ಹಾಲಿನಾಚೆ, ಉದ್ದನೆಯ ಓಣಿಯಂಥ ಪ್ಯಾಸೇಜಿನ ಕೊನೆಗೆ. ಡಾಕ್ಟರು ಎತ್ತಲಾಗದ ಆಸಾಮಿ. ಗಣಿತದ ಮೇಡಂ ಒಂದು ಕ್ಷಣ ನೆಲ ನೋಡಿದರು, ಗಂಡನನ್ನು ನೋಡಿದರು, ಲೆಕ್ಕ ಬಿಡಿಸಿದರು. ಇನ್ನೊಂದು ಬಕೆಟ್ ಸಾಬೂನು ನೀರನ್ನು ಪ್ಯಾಸೇಜಿನುದ್ದಕ್ಕೂ ಚೆಲ್ಲಿದರು. ಹಲಗೆಯ ಅಡಿಗೆ ಗೀರು ಬೀಳಬಾರದೆಂದು ಡಾಕ್ಟರು ಹಟ ಹಿಡಿದದ್ದರಿಂದ ಅದಕ್ಕೊಂದು ಹಳೆಯ ಕಂಬಳಿ ಸುತ್ತಿದರು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು, ತುದಿಗೆ ಲಟ್ಟಣಿಗೆ ಕಟ್ಟಿ ಗಂಡನ ಕೈಗೆ ಕೊಟ್ಟರು. ಇನ್ನೊಂದು ತುದಿ ಹಿಡಿದು ತಾವೂ ಮೇಷ್ಟ್ರೂ ಬಚ್ಚಲ ಬಾಗಿಲಲ್ಲಿ ನಿಂತು ಎಳೆದರು.

ಡಾಕ್ಟರ ಜೀವಮಾನದ ಅಭ್ಯಾಸ ಎಲ್ಲಿ ಹೋಗಬೇಕು? ಕೈಗೊಂದು ಹಿಡಿ ಸಿಕ್ಕಿದ್ದೇ ತಡ, ಮಂಡಿ ಊರಿ, ಹಲ್ಲು ಕಚ್ಚಿ, ತಮ್ಮ ಕಡೆಗೇ ಎಳೆದರು! ಮೇಡಮ್ಮೂ ಮೇಷ್ಟ್ರೂ ಜೋಡಿಯಾಗಿ ಜಾರಿಬಂದು ಅವರ ಮೇಲೆಯೇ ಬಿದ್ದರು.

"ಎಳೀಬೇಡ ಅಪ್ಪ" ಎಂದಳು ಫೋನಿನೊಳಗಿಂದ ಮಗಳು. ಇಲ್ಲಿ ಏನಾಯಿತೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಸದ್ದಿನಿಂದಲೇ ತಿಳಿದಿತ್ತು. "ಮೊದಲನೇ ಸಲ ಎಲ್ಲರೂ ಅದನ್ನೇ ಮಾಡೋದು. ಮಂಡಿ ಎದೆ ಹತ್ತಿರ ಇರಲಿ, ಕೈ ನೆಟ್ಟಗಿರಲಿ. ಏಳಬೇಕು ಅಂತ ಹೋಗಬೇಡ. ಹಗ್ಗ ಎಳೀಲಿ, ನೀನು ಸುಮ್ನಿರು. ತಾನಾಗೇ ಏಳ್ತೀಯ."

ಸುಮ್ಮನಿರುವುದು! ಅದೊಂದನ್ನು ಬಿಟ್ಟು ಬೇರೇನು ಹೇಳಿದ್ದರೂ ಡಾಕ್ಟರು ಮಾಡುತ್ತಿದ್ದರು. ಆದರೂ ಕಣ್ಣು ಮುಚ್ಚಿ, ಕೈ ಚಾಚಿ, ಮಂಡಿ ಮಡಚಿ ಕೂತರು. ಹಗ್ಗ ಬಿಗಿಯಿತು. ಹಲಗೆ ಮೊದಲು ಮಿಸುಕಿತು, ಆಮೇಲೆ ಹರಿಯಿತು. ಹೇಗೆಂದು ಅವರಿಗೇ ತಿಳಿಯದು, ಪ್ರಾಯ ಕಳೆದ ಆ ಭಾರದ ಮೈ ತಾನಾಗಿ ಮೇಲೆದ್ದಿತು. ಕಣ್ಣು ಬಿಟ್ಟರೆ ಚಪ್ಪಲಿ ಸ್ಟ್ಯಾಂಡು ಹಿಂದಕ್ಕೆ ಹೋಗುತ್ತಿದೆ, ಗಡಿಯಾರ ಹಿಂದಕ್ಕೆ ಹೋಗುತ್ತಿದೆ! ಡಾಕ್ಟರು ನಿಂತಿದ್ದಾರೆ, ಹೋಗುತ್ತಲೂ ಇದ್ದಾರೆ. ತಲೆಯಲ್ಲಿ ರೋಗಿಗಳಿಲ್ಲ, ಕುರ್ಚಿಯಿಲ್ಲ, ಒಪ್ಪಂದವಿಲ್ಲ. ಏನೂ ಇಲ್ಲ.

ಮೇಡಂ ಮತ್ತು ಮೇಷ್ಟ್ರು ಪಕ್ಕಕ್ಕೆ ಹಾರಿದರು. ಡಾಕ್ಟರು ಬಚ್ಚಲು ಹೊಕ್ಕು, ಒಣಹಾಕಿದ ಟವೆಲುಗಳನ್ನೆಲ್ಲ ಮೈಮೇಲೆ ಎಳೆದುಕೊಂಡು, ದೊಡ್ಡ ಬಕೆಟ್ಟಿನೊಳಗೆ ಕುಕ್ಕರಿಸಿದರು. ಒಳಗಿನಿಂದ ಸದ್ದಿಲ್ಲ. ಹೆಂಡತಿ ಹೆದರಿ, ರೀ, ಪೆಟ್ಟಾಯಿತೇನ್ರೀ ಎಂದು ಟವೆಲು ಸರಿಸಿ ನೋಡಿದರೆ ಗಂಡ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು.

ಬಿಸಿನೀರು ಬಿದ್ದದ್ದೇ ಕಾಲುಗಳು ಒಂದರ ಹಿಂದೊಂದು ಪುಳಕ್ಕನೆ ಹೊರಬಂದವು. ಬೂಟಿಗೆ ಗೀರಿಲ್ಲ, ಹಲಗೆಗೆ ಗೀರಿಲ್ಲ. ಮೂವರೂ ಒದ್ದೆ ನೆಲದ ಮೇಲೆಯೇ ಕೂತು ಉಸಿರು ಬಿಟ್ಟರು. ವ್ಯಾನು ಇನ್ನೂ ಬಂದಿರಲಿಲ್ಲ. ಡಾಕ್ಟರು ಹಲಗೆಯನ್ನೇ ನೋಡುತ್ತ, ಸ್ಕ್ರೂ ನಿಜವಾಗಿ ಭದ್ರವಾಗಿದೆಯೇ ಎಂದು ಇನ್ನೊಂದೇ ಒಂದು ಸಲ ಪರೀಕ್ಷಿಸುವುದು ಒಳ್ಳೆಯದೇನೋ ಎಂದು ರಾಗ ಎಳೆದರು. ಹೆಂಡತಿ ಹಲಗೆ ಕಸಿದುಕೊಂಡು ಗೇಟಿಗೇ ಹೋಗಿ ನಿಂತರು.

ಮಧ್ಯಾಹ್ನವೆಲ್ಲ ಡಾಕ್ಟರು ನೆಲ ಒರೆಸಿದರು. ನಡುನಡುವೆ ಫೋನು ನೋಡಿದರು. ಅವಳು ಸೋತರೆ ಗೆಲ್ಲುವವರು ತಾವೇ ಎಂಬುದು ಅವರಿಗೆ ನೆನಪೇ ಆಗಲಿಲ್ಲ.

ಸಂಜೆ ಮಗಳು ಬಂದಳು. ಬಾಗಿಲಲ್ಲೇ ಪದಕ ತೆಗೆದು ತೋರಿಸಿದಳು. ಮೂರನೆಯ ಸ್ಥಾನ. ಡಾಕ್ಟರಿಗೆ ಹೋದ ಜೀವ ಬಂದ ಹಾಗಾಗಿ, ಒರೆಸುವ ಬಟ್ಟೆ ಹಿಡಿದೇ ಅವಳನ್ನು ಅಪ್ಪಿಕೊಂಡರು. ಸ್ಕ್ರೂ ಚೂರೂ ಅಲುಗಲಿಲ್ಲಪ್ಪ ಎಂದಳು ಮಗಳು. ಆಮೇಲೆ ಅಪ್ಪನ ಊದಿದ ಪಾದಗಳನ್ನು ನೋಡಿ ಅವಳಿಗೆ ಕರುಣೆ ಉಕ್ಕಿತು.

"ಒಪ್ಪಂದದ ಪ್ರಕಾರ ನೀನು ನೀರಿಗಿಳೀಬೇಕಿತ್ತು. ಹೋಗಲಿ ಬಿಡಪ್ಪ, ಮಾಫಿ. ಇವತ್ತು ಪಟ್ಟಿದ್ದೇ ಸಾಕು."

ಡಾಕ್ಟರ ಮುಖ ಇಳಿದುಹೋಯಿತು. ಅವರು ಮಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೆಮ್ಮಿದರು.

"ಮಾಫಿ ಯಾರು ಕೇಳಿದ್ರು? ಕೊಟ್ಟ ಮಾತಿಗೆ ತಪ್ಪೋ ಜಾಯಮಾನ ನನ್ನದಲ್ಲ."

"ಅವಳೇ ಬೇಡ ಅಂತಿದಾಳಲ್ರೀ" ಎಂದರು ಹೆಂಡತಿ.

"ನೀನು ಸುಮ್ನಿರು" ಎಂದರು ಡಾಕ್ಟರು. ಆಮೇಲೆ ದನಿ ತಗ್ಗಿಸಿ, ನೆಲ ನೋಡುತ್ತ ಹೇಳಿದರು. "ವ್ಯಾನು ತಂದ ದೋಣಿಯವನಿಗೆ ಬೆಳಿಗ್ಗೇನೇ ಫೋನು ಮಾಡಿದೀನಿ. ಮುಂದಿನ ಭಾನುವಾರಕ್ಕೆ ನನ್ನ ಕಾಲಿನ ಅಳತೆಯ ಬೂಟು ತರ್ತಾನಂತೆ."