ಮಡೋಗ್ ಪ್ರೋಬರ್ಟ್ ಎರಕ ಹೊಯ್ದ ಹಲಗೆ

ಅಬರ್‌ಹೆಸ್ಗ್ ಊರಿನಲ್ಲಿ, ಕಣಿವೆಯ ಮೇಲೆ ಕಾಲುವೆಯನ್ನೇ ಹೊತ್ತು ನಿಂತ ಸೇತುವೆಯ ಬಳಿ ಹೊಸ ಬೋರ್ಡು ನಿಂತ ದಿನದಿಂದ ಇಥೆಲ್ ಪ್ರೋಬರ್ಟನಿಗೆ ತಿಂದದ್ದು ಮೈಗೆ ಹತ್ತಲಿಲ್ಲ. ಸೇತುವೆ ಕಟ್ಟಿಸಿದ ದೊಡ್ಡ ಇಂಜಿನಿಯರನ ಬಗ್ಗೆ ಅದರಲ್ಲಿ ಹತ್ತು ಸಾಲುಗಳಿದ್ದವು. ಅವನು ಹತ್ತಿ ಬರುತ್ತಿದ್ದ ಕುದುರೆಯ ಬಗ್ಗೆ ಒಂದು ಸಾಲು. ಇಥೆಲನ ಪೂರ್ವಿಕ, ಎರಕದ ಕಾರ್ಖಾನೆಯ ಮಡೋಗ್ ಪ್ರೋಬರ್ಟನ ಬಗ್ಗೆ ಒಂದಕ್ಷರವೂ ಇಲ್ಲ.

“ಕುದುರೆ ಹೆಸರು ಹಾಕಿದಾರೆ ಕಣೇ! ಕುದುರೆದು!” ಎಂದು ಅವನು ಹೆಂಡತಿ ಮೆರೆರಿಡ್ ಎದುರು ಕೂಗಾಡಿದ.

“ಕುದುರೆ ಕೂಗಾಡ್ತಿರಲಿಲ್ಲ, ಅದಕ್ಕೇ ಇರ್ಬೇಕು” ಎಂದಳು ಅವಳು.

ಸಿಟ್ಟು ಬರುವುದು ನ್ಯಾಯವೇ. ಇನ್ನೂರು ವರ್ಷದ ಹಿಂದೆ ಇಷ್ಟು ಎತ್ತರದಲ್ಲಿ, ಕಣಿವೆಯ ಮೇಲೆ ದೋಣಿ ಸಾಗಿಸಬೇಕೆಂದಾಗ, ಹಳೆಯ ಪದ್ಧತಿಯಂತೆ ಕಲ್ಲು, ಜೇಡಿಮಣ್ಣು ತುಂಬಿದ್ದರೆ ಭಾರಕ್ಕೇ ಕಂಬಗಳು ಕುಸಿಯುತ್ತಿದ್ದವು. ಅದಕ್ಕೇ ಎರಕದ ಕಬ್ಬಿಣದ ಹಗುರ ತೊಟ್ಟಿ. ಒಂದೊಂದು ಹಲಗೆಯನ್ನೂ ಕಮಾನಿನ ಕಲ್ಲಿನ ಹಾಗೆ ಓರೆಯಾಗಿ ಎರಕ ಹೊಯ್ದು, ಒಂದಕ್ಕೊಂದು ಆತುಕೊಳ್ಳುವಂತೆ ಬೋಲ್ಟು ಬಿಗಿದು, ಸಂದುಗಳಿಗೆ ಸಕ್ಕರೆ ಪಾಕದಲ್ಲಿ ಬೇಯಿಸಿದ ಉಣ್ಣೆ ಬಟ್ಟೆ ತುರುಕಿದ್ದರು. ಇದೆಲ್ಲ ಮಡೋಗನ ತಲೆಯಿಂದ ಬಂದದ್ದು ಎಂಬುದು ಪ್ರೋಬರ್ಟ್ ಮನೆತನದ ನಂಬಿಕೆ. ತನಗೆ ಅತಿ ಇಷ್ಟವಾದ ಹಲಗೆಯ ಮೇಲೆ ಅವನು ಹೆಸರು ಕೆತ್ತಿದ್ದನಂತೆ. ಅದು ನೀರಿನಡಿ, ಕೆಸರಿನಡಿ ಎಲ್ಲೋ ಇದೆ.

ಆವತ್ತು ತಪಾಸಣೆಗೆಂದು ತೊಟ್ಟಿ ಬರಿದು ಮಾಡುವ ದಿನ. ಸೇತುವೆಯ ನಡುವಿನ ಬಿರಡೆ ಎಳೆದೊಡನೆ ನೀರು ಭೋರೆಂದು ಕೆಳಗಿನ ಹೊಳೆಗೆ ಧುಮುಕಿತು. ಊರಿಗೆ ಊರೇ ಚಹಾದ ಫ್ಲಾಸ್ಕು ಹಿಡಿದು ಬಂದಿತ್ತು. ಇಥೆಲ್ ನೇರ ಕಾಲುವೆ ಇಲಾಖೆಯ ಇಂಜಿನಿಯರ್ ಮಿಸ್ ಪಾರ್ಜೆಟರ್ ಎದುರು ನಿಂತು, ಮಡೋಗನ ಹೆಸರೂ ಬೋರ್ಡಿನಲ್ಲಿ ಬರಬೇಕೆಂದು ಹಟ ಹಿಡಿದ.

“ನಾಲ್ಕು ಗಂಟೆಗೆ ನೀರು ಬಿಡ್ತೀವಿ” ಎಂದಳು ಆಕೆ. “ಅಷ್ಟರೊಳಗೆ ಹೆಸರು ತೋರ್ಸಿ. ಬೋರ್ಡ್ ಮೇಲೆ ಹಾಕ್ಸೋದು ನನ್ನ ಜವಾಬ್ದಾರಿ.”

ಇಥೆಲ್ ಪೊರಕೆ ಹಿಡಿದು ಕೆಸರಿಗಿಳಿದ. ಮೊದಲ ಹೆಜ್ಜೆಗೇ ಎಡಗಾಲ ಬೂಟು ಕೆಸರಿನ ಪಾಲಾಯಿತು. ಎರಡನೆಯದಕ್ಕೆ ಅವನೇ ಕೂತ. ತೊಟ್ಟಿಯ ಒಂದು ಬದಿಗೆ ಮೇಲೆ ಚಾಚಿಕೊಂಡಿದ್ದ ಕಾಲುದಾರಿಯಲ್ಲಿ ಚಹಾದಂಗಡಿಯ ಟೆಗಿಡ್ ಬಾಯಿ ತುಂಬ ಒಣದ್ರಾಕ್ಷಿ ರೊಟ್ಟಿ ತುಂಬಿಕೊಂಡು ನಗುತ್ತಿದ್ದ.

“ನಿಮ್ಮಜ್ಜ ಹಲಗೆ ಹೊಯ್ದಿರ್ಬಹುದು ಕಣಯ್ಯಾ. ನಮ್ಮಜ್ಜಿ ಪಾಕ ತೆಗೀದೆ ಇದ್ದಿದ್ರೆ ಸೇತುವೆ ಜರಡಿ ಆಗಿರ್ತಿತ್ತು. ಅವಳ ಹೆಸರೂ ಹುಡ್ಕು!”

“ಪಾಕ ತೆಗೆಯೋರು ಊರಿಗೆ ನೂರು ಜನ ಸಿಗ್ತಾರೆ! ಬಾಯ್ಮುಚ್ಚು!”

ಕೆಸರಿನಲ್ಲಿ ಒಂದು ಸೈಕಲ್ಲು ಸಿಕ್ಕಿತು, ಮುರಿದ ಕೊಡೆ ಸಿಕ್ಕಿತು, ಆಮೇಲೆ ಒಂದು ಹಲ್ಲುಸೆಟ್ಟು ಸಿಕ್ಕಿತು. ಇಥೆಲ್ ಅದನ್ನು ಎತ್ತಿ ಹಿಡಿದಾಗ ಟೆಗಿಡನ ನಗು ನಿಂತುಹೋಯಿತು.

“ಅದನ್ನ ಇತ್ತ ಕೊಡು. ಹೋದ್ವರ್ಷ ಸೀನುವಾಗ ಬಿದ್ದಿದ್ದು” ಎಂದ, ತಗ್ಗಿದ ದನಿಯಲ್ಲಿ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕಾಲುದಾರಿಯ ಕೆಳಗೆ ತೆವಳಿ, ಎರಡು ಸಲ ತಲೆ ಚಚ್ಚಿಸಿಕೊಂಡು, ಇಥೆಲ್ ಕೊನೆಯ ಹಲಗೆಗಳನ್ನು ಉಜ್ಜಿದ. ಪೊರಕೆಯಡಿ ಅಕ್ಷರ ಮೂಡಿತು. ಉಳಿಯಲ್ಲಿ ಆಳವಾಗಿ ಕೆತ್ತಿದ ಅಕ್ಷರಗಳು: ಎಂ. ಪ್ರೋಬರ್ಟ್.

“ಸಿಕ್ತು! ಬಂದು ನೋಡ್ರೋ! ಕಣ್ಣಿದ್ರೆ ನೋಡ್ರೋ!” ಅವನ ಕಣ್ಣು ತುಂಬಿ ಬಂತು. ಜನ ಚಪ್ಪಾಳೆ ತಟ್ಟಿದರು, ಯಾರೋ ಹಾಡು ಶುರು ಮಾಡಿದರು. ಟೆಗಿಡ್ ಕೂಡ ಟೋಪಿ ತೆಗೆದ.

ಮಿಸ್ ಪಾರ್ಜೆಟರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೆಳಗಿಳಿದು ಪಕ್ಕದ ಹಲಗೆಗೆ ಸುತ್ತಿಗೆಯಿಂದ ಬಡಿದಳು. ಠಣ್ ಎಂದಿತು. ಮಡೋಗನ ಹಲಗೆಗೆ ಬಡಿದಳು. ದಬ್ ಎಂದಿತು.

“ಆ ಕಾರ್ಖಾನೆಯ ಒಳ್ಳೇ ಹಲಗೆಗಳ ಮೇಲೆ ಹೆಸರಿರಲ್ಲ ಸಾರ್, ಬರೀ ನಂಬರ್ ಇರುತ್ತೆ” ಎಂದಳು ಮೆಲ್ಲಗೆ. “ಎರಕ ಕೆಟ್ಟಾಗ, ಕೆಡಿಸಿದ್ದು ಯಾರು ಅಂತ ಗೊತ್ತಾಗ್ಲಿ ಅಂತ ಹೆಸರು ಕೆತ್ತಿ ಪಕ್ಕಕ್ಕಿಡ್ತಿದ್ರು, ಒಡೆದು ಮತ್ತೆ ಕರಗಿಸೋಕೆ. ಇದನ್ನ ಯಾರೋ ಅವಸರದಲ್ಲಿ ತಂದು ಕೂರಿಸಿಬಿಟ್ಟಿದಾರೆ. ಇಲ್ನೋಡಿ ಬಿರುಕು.”

“ಇನ್ನೂರು ವರ್ಷ ನೀರು ಹೊತ್ತಿದೆಯಲ್ರೀ!”

“ಹೊತ್ತಿದೆ. ಆದ್ರೆ ನೋಡಿದ್ಮೇಲೆ ನೋಡಿಲ್ಲ ಅನ್ನೋಕಾಗಲ್ಲ. ಹೊಸ ಹಲಗೆ ಬರೋವರೆಗೆ ನೀರು ಬಿಡೋ ಹಾಗಿಲ್ಲ.”

ಹಾಡು ಅರ್ಧಕ್ಕೇ ನಿಂತಿತು. ಬೇಸಿಗೆಯ ದೋಣಿಗಳನ್ನೇ ನೆಚ್ಚಿಕೊಂಡಿದ್ದ ಊರು ಅದು.

“ಕೆಸರಡಿ ತಣ್ಣಗೆ ಮಲಗಿದ್ದನ್ನ ಕೆದಕಿ ತೆಗೆದ್ಯಲ್ಲೋ!” ಎಂದು ಟೆಗಿಡ್ ಅರಚಿದ. “ನನ್ನ ಅಂಗಡಿಗೆ ಇನ್ನು ಯಾರು ಬರ್ತಾರೋ, ನಿಮ್ಮಜ್ಜನಾ?”

ಇಥೆಲ್ ಒಂದೇ ಬೂಟಿನಲ್ಲಿ ಮನೆಗೆ ಹೊರಡುವಷ್ಟರಲ್ಲಿ ಮಿಸ್ ಪಾರ್ಜೆಟರ್ ಮಾತು ಉಳಿಸಿಕೊಂಡಿದ್ದಳು. ಸೇತುವೆಯ ಎರಡೂ ತುದಿಗೆ ಬೋರ್ಡು ಬಿದ್ದಿತ್ತು. ಇಂಗ್ಲಿಷಿನಲ್ಲೂ ವೆಲ್ಶ್ ಭಾಷೆಯಲ್ಲೂ, ಕೆಂಪಕ್ಷರದಲ್ಲಿ: ‘ಎಂ. ಪ್ರೋಬರ್ಟ್ ಹೊಯ್ದ ಹಲಗೆ ದೋಷಪೂರಿತವಾಗಿರುವ ಕಾರಣ ಸೇತುವೆ ಮುಂದಿನ ವರ್ಷದವರೆಗೆ ಬಂದ್.’

ಇಥೆಲನ ರಕ್ತ ಕುದಿಯಿತು. ಮನೆಗೆ ಬಂದವನೇ ಕೆಸರು ಬಟ್ಟೆಯನ್ನೂ ಬದಲಿಸದೆ ಕೂತು ಇಲಾಖೆಗೆ ಪತ್ರ ಬರೆದ: ‘ಮಾನ್ಯರೇ, ನನ್ನ ಪೂರ್ವಿಕರಿಗೂ ಈ ಸೇತುವೆಗೂ ಯಾವ ಸಂಬಂಧವೂ ಇಲ್ಲ. ಇದರ ಸಕಲ ಕೀರ್ತಿಯೂ, ಒಂದೊಂದು ಹಲಗೆಯ ಸಮೇತ, ಆ ದೊಡ್ಡ ಇಂಜಿನಿಯರರೊಬ್ಬರಿಗೇ ಸಲ್ಲತಕ್ಕದ್ದು.’